ಬೆಂಕಿ ಕರೆಯಲ್ಲಿ ಹೊಗೆ ಕುಡಿದು ಆಸ್ಪತ್ರೆ ಸೇರಿದ ಅಗ್ನಿಶಾಮಕರಿಗೆ 11 ದಿನದ ‘ಅನಧಿಕೃತ ಗೈರುಹಾಜರಿ’ ನೋಟಿಸ್: ಉತ್ತರ ಹೇಗೆ ಬರೆಯಬೇಕು?

ಹೋಸ್‌ರೀಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಬ್ಯಾಚಿನ ಒಬ್ಬ ಅಗ್ನಿಶಾಮಕರ ಪರವಾಗಿ ಕೇಳ್ತಿದ್ದೀನಿ. ಬೆಂಗಳೂರಿನದೇ ಠಾಣೆ, ಯಾವುದು ಅನ್ನೋದು ಇಲ್ಲಿ ಬೇಡ. ಆರು ವರ್ಷದ ಸೇವೆ, ಪ್ರೊಬೇಷನ್ ಮುಗಿದು ಘೋಷಣೆಯೂ ಆಗಿದೆ.

ಭಾನುವಾರ ರಾತ್ರಿ 11.40ಕ್ಕೆ ಪ್ಲಾಸ್ಟಿಕ್ ಗೋದಾಮಿನ ಕರೆ. ಬೆಳಿಗ್ಗೆ 6.10ರವರೆಗೂ ಕೆಲಸ. ಠಾಣೆಗೆ ಬಂದ ಮೇಲೆ ವಿಪರೀತ ತಲೆನೋವು, ಎರಡು ಸಲ ವಾಂತಿ. 8 ಗಂಟೆಗೆ ಪಾಳಿ ಮುಗಿಯಿತು. ವಾಚ್‌ರೂಮಿನಲ್ಲಿ (ಠಾಣೆಯಲ್ಲಿ ಕರೆ ಸ್ವೀಕರಿಸುವ ಕೊಠಡಿ) ಇದ್ದವರಿಗೆ ಬಾಯಲ್ಲಿ ಹೇಳಿ ಆಟೋ ಹತ್ತಿ 9.30ಕ್ಕೆ ಖಾಸಗಿ ಆಸ್ಪತ್ರೆಗೆ ಸೇರಿದರು. ಎರಡು ದಿನ ಅಡ್ಮಿಟ್, ಆಮೇಲೆ ಡಾಕ್ಟರ್ ಬರೆದುಕೊಟ್ಟ ವಿಶ್ರಾಂತಿ. ಒಟ್ಟು 11 ದಿನ. ಎರಡನೇ ದಿನ ಡಿಸ್ಚಾರ್ಜ್ ಸಾರಾಂಶದ ಫೋಟೋ ತೆಗೆದು ಠಾಣಾಧಿಕಾರಿಗೆ ವಾಟ್ಸಾಪ್ ಮಾಡಿದ್ದಾರೆ, ನೀಲಿ ಟಿಕ್ಕೂ ಬಂದಿದೆ. ಆದರೆ ರಜೆ ಅರ್ಜಿ ಅಂತ ಕಾಗದ ಕೊಟ್ಟಿಲ್ಲ. ಹನ್ನೆರಡನೇ ದಿನ ಬಂದು ಹಾಜರಾತಿ ವಹಿಯಲ್ಲಿ ಸಹಿ ಹಾಕಿದ್ದಾರೆ, ಯಾರೂ ತಡೆದಿಲ್ಲ.

ಈಗ ‘ಅನಧಿಕೃತ ಗೈರುಹಾಜರಿ ಹಾಗೂ ಕರ್ತವ್ಯ ನಿರ್ಲಕ್ಷ್ಯ’ ಅಂತ ಕಾರಣ ಕೇಳುವ ನೋಟಿಸ್. 7 ದಿನದ ಗಡುವು, ಅದರಲ್ಲಿ 2 ದಿನ ಹೋಗಿದೆ. ಸಂಬಳದಲ್ಲಿ 11 ದಿನ ಕಡಿತವಾಗಿದೆ.

ಉತ್ತರ ಹೇಗಿರಬೇಕು? ಆ 11 ದಿನ ರಜೆಯಾಗಿ ಸಕ್ರಮ ಆಗುತ್ತಾ? ಇಲಾಖಾ ವಿಚಾರಣೆಗೆ ಹೋದರೆ ಮುಂದೇನು? ಹೊಗೆಯಿಂದ ಆದದ್ದನ್ನು ಕರ್ತವ್ಯದ ಮೇಲಿನ ಗಾಯ ಅಂತ ದಾಖಲು ಮಾಡಿಸಬಹುದಾ? ಇನ್ನೊಂದು: ರಾತ್ರಿಯಿಡೀ ದುಡಿದದ್ದಕ್ಕೆ ಓವರ್‌ಟೈಮೋ ಬದಲಿ ರಜೆಯೋ ಕೇಳುವ ಹಕ್ಕು ಇದೆಯಾ?

ಕಡತ_ಶಾಖೆ:

ಮೊದಲು ಮಾಡಬೇಕಾದ್ದು: ‘ತಪ್ಪಾಗಿದೆ, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಮನ್ನಿಸಬೇಕು’ ಅಂತ ಬರೆದು ಕೊಡಬೇಡಿ ಅಂತ ಅವರಿಗೆ ಇವತ್ತೇ ಹೇಳಿ. ಠಾಣೆಗಳಲ್ಲಿ ಹಿರಿಯರು ಒಳ್ಳೆ ಮನಸ್ಸಿನಿಂದಲೇ ಈ ಸಲಹೆ ಕೊಡ್ತಾರೆ. ‘ಒಂದು ಕ್ಷಮೆ ಬರಿ, ಫೈಲ್ ಕ್ಲೋಸ್ ಆಗುತ್ತೆ’ ಅಂತ. ಕಡತದಲ್ಲಿ ಆ ಸಾಲು ‘ಆಪಾದಿತ ನೌಕರರು ತಪ್ಪೊಪ್ಪಿಕೊಂಡಿರುತ್ತಾರೆ’ ಅಂತ ಟಿಪ್ಪಣಿಯಾಗಿ ಏರುತ್ತದೆ. ಅಲ್ಲಿಂದ ಮುಂದೆ ದಂಡನೆ ಎಷ್ಟು ಅನ್ನೋದಷ್ಟೇ ಉಳಿಯುತ್ತದೆ, ತಪ್ಪು ನಡೆದಿದೆಯೇ ಅನ್ನೋ ಪ್ರಶ್ನೆ ಮುಗಿದುಹೋಗಿರುತ್ತದೆ. ವಿಷಾದ ಹೇಳಲೇಬೇಕು ಅನ್ನಿಸಿದರೆ ಅರ್ಜಿ ತಡವಾದದ್ದಕ್ಕೆ ಮಾತ್ರ ಹೇಳಲಿ, ಗೈರಾದದ್ದಕ್ಕೆ ಬೇಡ. ಈ ಎರಡರ ನಡುವೆ ಬಹಳ ಅಂತರವಿದೆ.

ಎರಡನೆಯದು, ಎರಡು ಬೇರೆ ಬೇರೆ ಕಾಗದ ಕೊಡಬೇಕು. ಒಂದು ನೋಟಿಸಿಗೆ ಸಮಜಾಯಿಷಿ. ಇನ್ನೊಂದು ರಜೆ ಮಂಜೂರಾತಿ ಅರ್ಜಿ. ಎರಡನ್ನೂ ಒಂದೇ ಪತ್ರದಲ್ಲಿ ಸೇರಿಸಿದರೆ ಶಿಸ್ತು ಶಾಖೆಯವರು ಅದನ್ನು ಅವರ ಕಡತಕ್ಕೆ ಹಾಕಿಕೊಳ್ತಾರೆ, ರಜೆ ನೋಡುವ ಸಿಬ್ಬಂದಿ ಶಾಖೆಗೆ ಅದು ತಲುಪುವುದೇ ಇಲ್ಲ. ಮೂರು ತಿಂಗಳಾದ ಮೇಲೆ ‘ನೌಕರರು ರಜೆಗೆ ಅರ್ಜಿಯನ್ನೇ ಸಲ್ಲಿಸಿಲ್ಲ’ ಅನ್ನೋ ವಾಕ್ಯ ಬರುವುದು ಹೀಗೇ.

ರಜೆ ಯಾವುದು ಕೇಳಬೇಕು? ಸಾಂದರ್ಭಿಕ ರಜೆಯಲ್ಲಿ ಇದನ್ನು ತೂರಿಸಲು ಹೋಗಬೇಡಿ. ವೈದ್ಯಕೀಯ ಕಾರಣಕ್ಕೆ ಪರಿವರ್ತಿತ ರಜೆ ಕೇಳಿ. ಅರ್ಧ ವೇತನ ರಜೆ ವರ್ಷಕ್ಕೆ 20 ದಿನ ಜಮೆಯಾಗುತ್ತದೆ. ಅದನ್ನು ಪೂರ್ತಿ ಸಂಬಳಕ್ಕೆ ಪರಿವರ್ತಿಸಿದರೆ ಒಂದಕ್ಕೆ ಎರಡು ಖರ್ಚು. ಅಂದರೆ 11 ದಿನಕ್ಕೆ 22 ದಿನ ಅರ್ಧ ವೇತನ ರಜೆ ಕಳೆಯುತ್ತದೆ. ಆರು ವರ್ಷದ ಸೇವೆಯಲ್ಲಿ ಸುಮಾರು 120 ಜಮೆಯಾಗಿರಬೇಕು, ಬಳಸಿದ್ದನ್ನು ಕಳೆದರೂ ಸಾಲುತ್ತದೆ. ರಜೆ ಲೆಕ್ಕದ ಪುಟವನ್ನು ಸೇವಾ ಪುಸ್ತಕದಲ್ಲಿ ನೋಡಿಕೊಳ್ಳಲಿ, ಎಷ್ಟೋ ಕಚೇರಿಗಳಲ್ಲಿ ಅದು ವರ್ಷಗಟ್ಟಲೆ ತುಂಬದೆ ಬಿದ್ದಿರುತ್ತದೆ. ಗಳಿಕೆ ರಜೆಯನ್ನು ಇದಕ್ಕೆ ಮುಟ್ಟಬೇಡಿ. ಅದು ಜನವರಿ ಒಂದಕ್ಕೆ 15, ಜುಲೈ ಒಂದಕ್ಕೆ 15 ಬರುವ ಗಂಟು. ವರ್ಷಕ್ಕೆ 15 ದಿನ ನಗದು ಮಾಡಿಕೊಳ್ಳುವ ಆದೇಶ ಬಂದಾಗ, ನಿವೃತ್ತಿಯಲ್ಲಿ, ಎರಡು ಕಡೆಯೂ ಅದೇ ದುಡ್ಡು.

ಅರ್ಜಿಗೆ ವೈದ್ಯಕೀಯ ಪ್ರಮಾಣಪತ್ರ ಮತ್ತು ದೈಹಿಕ ಅರ್ಹತಾ ಪ್ರಮಾಣಪತ್ರ, ಅಂದರೆ ಫಿಟ್‌ನೆಸ್, ಎರಡೂ ಬೇಕು. ತುಂಬಾ ಜನ ಎರಡನೆಯದನ್ನು ಮರೆಯುತ್ತಾರೆ. ಹನ್ನೆರಡನೇ ದಿನ ಫಿಟ್‌ನೆಸ್ ಕೊಟ್ಟಿಲ್ಲದಿದ್ದರೆ ಈಗ ಅದೇ ಡಾಕ್ಟರ ಹತ್ತಿರ ಪಡೆಯಲಿ. ಆದರೆ ಹಿಂದಿನ ದಿನಾಂಕ ಹಾಕಿಸುವುದು ಖಂಡಿತ ಬೇಡ. ಇವತ್ತಿನ ದಿನಾಂಕದಲ್ಲೇ ‘ಇಂತಿಂಥ ದಿನದಿಂದ ಕರ್ತವ್ಯಕ್ಕೆ ಅರ್ಹರಾಗಿದ್ದರು’ ಅಂತ ಬರೆಸಿಕೊಳ್ಳಬಹುದು. ಹಿಂದಿನ ದಿನಾಂಕದ ಚೀಟಿ ಸಿಕ್ಕಿಬಿದ್ದರೆ ಗೈರುಹಾಜರಿಯ ಸಣ್ಣ ಕೇಸು ಸುಳ್ಳು ದಾಖಲೆಯ ದೊಡ್ಡ ಕೇಸಾಗುತ್ತದೆ.

ಸಮಜಾಯಿಷಿಯ ಒಳಗೆ ಭಾವನೆ ಬೇಡ, ಗಂಟೆ ನಿಮಿಷ ಇರಲಿ. ಹೀಗೆ ಬರೆಯಬಹುದು:

‘ದಿನಾಂಕ … ರಂದು ರಾತ್ರಿ 11.40ರ ಅಗ್ನಿ ಕರೆಗೆ … ಸಂಖ್ಯೆಯ ವಾಹನದಲ್ಲಿ ತೆರಳಿ, ಮರುದಿನ ಬೆಳಿಗ್ಗೆ 6.10ರವರೆಗೆ ಕಾರ್ಯಾಚರಣೆಯಲ್ಲಿ ಭಾಗವಹಿಸಿರುತ್ತೇನೆ. ಠಾಣೆಗೆ ಹಿಂತಿರುಗಿದ ನಂತರ ತೀವ್ರ ತಲೆನೋವು ಹಾಗೂ ವಾಂತಿ ಕಾಣಿಸಿಕೊಂಡಿದ್ದು, ಪಾಳಿ ಮುಕ್ತಾಯವಾದ ಬಳಿಕ ವಾಚ್‌ರೂಮ್ ಕರ್ತವ್ಯದಲ್ಲಿದ್ದವರಿಗೆ ತಿಳಿಸಿ, ಬೆಳಿಗ್ಗೆ 9.30ಕ್ಕೆ ಆಸ್ಪತ್ರೆಗೆ ದಾಖಲಾಗಿರುತ್ತೇನೆ. ಮಾರನೇ ದಿನ … ಗಂಟೆಗೆ ಚಿಕಿತ್ಸಾ ವಿವರಗಳನ್ನು ಠಾಣಾಧಿಕಾರಿಗಳ ಮೊಬೈಲಿಗೆ ಕಳುಹಿಸಿರುತ್ತೇನೆ. ಸದರಿ ಗೈರುಹಾಜರಿಯು ಉದ್ದೇಶಪೂರ್ವಕವಾಗಿರುವುದಿಲ್ಲ. ರಜೆ ಅರ್ಜಿಯನ್ನು ಪ್ರತ್ಯೇಕವಾಗಿ ಸಲ್ಲಿಸಿರುತ್ತೇನೆ.’

ಇಷ್ಟೇ ಸಾಕು. ಒಂದೂವರೆ ಪುಟ ದಾಟಬಾರದು. ಕೆಳಗೆ ಲಗತ್ತುಗಳಿಗೆ ಕ್ರಮಸಂಖ್ಯೆ ಹಾಕಿ, ಪ್ರತಿ ಲಗತ್ತಿನ ಮೇಲೂ ಅದೇ ಸಂಖ್ಯೆ ಬರೆಯಿರಿ.

ಕೊಡುವಾಗ ಎರಡು ಪ್ರತಿ ಒಯ್ದು, ಒಂದರ ಮೇಲೆ ಟಪಾಲು ಶಾಖೆಯ ಮೊಹರು, ದಿನಾಂಕ, ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ. ‘ಇಟ್ಟುಹೋಗಿ, ಸಾಹೇಬರು ಬಂದಮೇಲೆ ನೋಡ್ತಾರೆ’ ಅಂದರೆ ಅದೇ ದಿನ ಅಂಚೆಗೆ ಹಾಕಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಆದ್ದರಿಂದ ಸ್ಪೀಡ್ ಪೋಸ್ಟಿನಲ್ಲೇ ವಿಳಾಸದಾರರಿಗೇ ತಲುಪಿಸುವ ನೋಂದಣಿ ಸೇವೆ ಕೇಳಿ. ರಸೀದಿ ಜೋಪಾನ. ದಾಖಲೆ ಸಂಗ್ರಹಿಸಲು ನಿಜವಾಗಿಯೂ ಸಮಯ ಸಾಲದಿದ್ದರೆ, ಗಡುವು ಮುಗಿಯುವ ಮುಂಚೆಯೇ ಇನ್ನು 10 ದಿನ ಕೋರಿ ಒಂದು ಪತ್ರ ಕೊಡಲಿ. ಗಡುವು ಮುಗಿದ ಮೇಲೆ ಕೇಳುವ ಸಮಯಕ್ಕೆ ಬೆಲೆಯಿಲ್ಲ.

ವಾಚ್‌ರೂಮ್:

ಮೇಲಿನವರು ಕಡತದ ಕಡೆ ಹೇಳಿದ್ದಾರೆ. ಠಾಣೆಯ ಕಡೆ ಏನೇನು ಹಿಡಿದಿಟ್ಟುಕೊಳ್ಳಬೇಕು ಅನ್ನೋದು ನಾನು ಹೇಳ್ತೀನಿ. ಈ ಕೇಸು ನಿಲ್ಲೋದು ಬೀಳೋದು ಆ ರಾತ್ರಿಯ ವಹಿಗಳ ಮೇಲೆ.

ಕರೆ ವಹಿ, ಸ್ಟೇಷನ್ ಡೈರಿ, ವಾಹನದ ಲಾಗ್‌ಬುಕ್, ಹಾಜರಾತಿ ವಹಿ, ಅಗ್ನಿ ವರದಿ. ಈ ಐದರಲ್ಲೂ ಆ ರಾತ್ರಿಯ ಒಂದೊಂದು ಸಾಲು ಇದ್ದೇ ಇರುತ್ತದೆ. ಬೆಳಿಗ್ಗೆ ಹೊರಟಾಗ ವಾಚ್‌ರೂಮಿನವರು ಡೈರಿಯಲ್ಲಿ ‘ಅನಾರೋಗ್ಯದ ನಿಮಿತ್ತ ಆಸ್ಪತ್ರೆಗೆ ತೆರಳಿದರು’ ಅಂತ ಬರೆದಿದ್ದಾರಾ ನೋಡಿ. ಬರೆದಿದ್ದರೆ ಅರ್ಧ ಕೆಲಸ ಮುಗಿಯಿತು. ಬರೆಯದಿದ್ದರೆ ಈಗ ಸೇರಿಸಲು ಯಾರನ್ನೂ ಕೇಳಬೇಡಿ, ಅದು ಇಬ್ಬರ ಕೆಲಸಕ್ಕೂ ಕುತ್ತು. ಆ ಹೊತ್ತು ವಾಚ್‌ರೂಮಿನಲ್ಲಿದ್ದವರ ಹೆಸರನ್ನು ಸಾಕ್ಷಿಯಾಗಿ ಕೊಡಬಹುದು, ಅಷ್ಟು ಸಾಕು.

ಈಗ ವೈದ್ಯಕೀಯ ವಿಷಯ. ಇದರಲ್ಲಿ ಒಂದು ದೊಡ್ಡ ಗುಂಡಿ ಇದೆ, ದಯವಿಟ್ಟು ಪೂರ್ತಿ ಓದಿ.

ಪ್ಲಾಸ್ಟಿಕ್ ಉರಿದಾಗ, ಅದರಲ್ಲೂ ಜ್ವಾಲೆ ಆರಿ ಒಳಗೊಳಗೇ ಕಮರುವಾಗ, ಕಾರ್ಬನ್ ಮಾನಾಕ್ಸೈಡ್ ಹೇರಳವಾಗಿ ಬರುತ್ತದೆ. ದೊಡ್ಡ ಬೆಂಕಿ ಇರುವಾಗ ಎಲ್ಲರೂ ಬಿಎ ಸೆಟ್ (ಗಾಳಿಯ ಸಿಲಿಂಡರ್, ಮಾಸ್ಕ್ ಇರುವ ಉಸಿರಾಟದ ಸಲಕರಣೆ) ಹಾಕಿಕೊಂಡೇ ಒಳಗೆ ಹೋಗುತ್ತಾರೆ. ಬೆಂಕಿ ಹತೋಟಿಗೆ ಬಂದು ಮೂಟೆಗಳನ್ನು ಮಗುಚಿ ತಣಿಸುವ ಡ್ಯಾಂಪಿಂಗ್ ಡೌನ್ ಶುರುವಾದಾಗ ಸಿಲಿಂಡರೂ ಖಾಲಿ, ಸೆಕೆಯೂ ಜಾಸ್ತಿ, ಮಾಸ್ಕ್ ತೆಗೆದುಬಿಡುತ್ತಾರೆ. ವಿಷ ಒಳಗೆ ಹೋಗುವುದು ಆ ಎರಡು ಮೂರು ಗಂಟೆಯಲ್ಲಿ.

ಆಸ್ಪತ್ರೆಯಲ್ಲಿ ಮೊದಲು ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಾರೆ. ಆ ಸಾಮಾನ್ಯ ಪಲ್ಸ್ ಆಕ್ಸಿಮೀಟರಿಗೆ ರಕ್ತದಲ್ಲಿ ಅಂಟಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ಗೊತ್ತಾಗುವುದಿಲ್ಲ. ಎರಡಕ್ಕೂ 98, 99 ಅಂತಲೇ ತೋರಿಸುತ್ತದೆ. ಸರಿಯಾದ ಪರೀಕ್ಷೆ ಅಂದರೆ ರಕ್ತದ ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಮಟ್ಟ. ಅದೂ ಬೇಗ ಇಳಿಯುತ್ತದೆ. ಹೊರಗಿನ ಮಾಮೂಲಿ ಗಾಳಿಯಲ್ಲಿ ಸುಮಾರು 4ರಿಂದ 5 ಗಂಟೆಗೆ ಅರ್ಧವಾಗುತ್ತದೆ, ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆಗೇ ಅರ್ಧ. 6.10ಕ್ಕೆ ಕೆಲಸ ಮುಗಿದು 9.30ಕ್ಕೆ ಆಸ್ಪತ್ರೆ ಸೇರಿ, ಮಾಸ್ಕಿನಲ್ಲಿ ಆಮ್ಲಜನಕ ಕೊಟ್ಟು, ಮಧ್ಯಾಹ್ನ ರಕ್ತ ತೆಗೆದರೆ ವರದಿ ನಾರ್ಮಲ್ ಬಂದರೂ ಆಶ್ಚರ್ಯವಿಲ್ಲ. ‘ಆಕ್ಸಿಜನ್ 98 ಇತ್ತು, ರಕ್ತ ನಾರ್ಮಲ್, ಹಾಗಾದರೆ ಕಾಯಿಲೆಯೇ ಇರಲಿಲ್ಲ’ ಅನ್ನೋ ವಾದ ಬರುವುದು ಇಲ್ಲಿಂದಲೇ.

ಆದ್ದರಿಂದ ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಬರಹದಲ್ಲಿ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟ್ ಪಡೆಯಲಿ, ಡಿಸ್ಚಾರ್ಜ್ ಸಾರಾಂಶ ಒಂದೇ ಸಾಲದು. ನೋಡಬೇಕಾದ್ದು ಮೂರು: ದಾಖಲಾದ ಹೊತ್ತು, ‘ಬೆಂಕಿಯ ಹೊಗೆ ಸೇವನೆ’ ಅಂತ ರೋಗಿ ಹೇಳಿದ ಕಾರಣ ಬರೆದಿದ್ದಾರಾ, ಆಮ್ಲಜನಕ ಶುರುಮಾಡಿದ ಹೊತ್ತು ಮತ್ತು ರಕ್ತ ತೆಗೆದ ಹೊತ್ತು. ಇವಿಷ್ಟಿದ್ದರೆ ಯಾವ ವೈದ್ಯರು ಬೇಕಾದರೂ ನಾರ್ಮಲ್ ವರದಿ ಯಾಕೆ ಬಂತು ಅಂತ ಎರಡು ಸಾಲಿನಲ್ಲಿ ಬರೆದುಕೊಡಬಲ್ಲರು.

ಬಿಎ ನಿಯಂತ್ರಣ ಹಲಗೆಯ ಟಿಪ್ಪಣಿ (ಯಾರು ಎಷ್ಟು ಗಾಳಿಯೊಂದಿಗೆ ಒಳಗೆ ಹೋಗಿ ಬಂದರು ಅನ್ನೋ ಲೆಕ್ಕ) ಇದ್ದರೆ ಅದನ್ನೂ ಹಿಡಿಯಿರಿ. ಲೆಕ್ಕ ಸರಳ. 6.8 ಲೀಟರಿನ ಸಿಲಿಂಡರ್, ಒಳಗೆ ಹೋಗುವಾಗ 280 ಬಾರ್ (ಗಾಳಿಯ ಒತ್ತಡದ ಅಳತೆ), ಬರುವಾಗ 60 ಬಾರ್ ಅಂತ ಬರೆದಿದ್ದರೆ 220ನ್ನು 6.8ರಿಂದ ಗುಣಿಸಿ: 1,496 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಹಿಡಿದರೆ 37 ನಿಮಿಷ. 300 ಬಾರ್ ಪೂರ್ತಿ ತುಂಬಿದ್ದರೂ 51 ನಿಮಿಷ, ಅದರಲ್ಲೂ 55 ಬಾರ್ ಆಸುಪಾಸಿಗೆ ಸೆಟ್ಟಿನ ಎಚ್ಚರಿಕೆ ಸೀಟಿ ಊದಿದಾಗ ಹೊರಗೆ ಬಂದಿರಬೇಕು. ಆರೂವರೆ ಗಂಟೆಯ ಕಾರ್ಯಾಚರಣೆಗೆ ತಲೆಗೆ ಎಷ್ಟು ಸಿಲಿಂಡರ್ ಸಿಕ್ಕಿತ್ತು ಅಂತ ನೋಡಿದರೆ ಉಳಿದ ಹೊತ್ತು ಯಾವ ಗಾಳಿ ಕುಡಿದರು ಅನ್ನೋದು ತಾನಾಗಿಯೇ ಕಾಣುತ್ತದೆ.

ಕರ್ತವ್ಯದ ಮೇಲಿನ ಗಾಯ ಅಂತ ದಾಖಲಿಸಲು ಠಾಣಾಧಿಕಾರಿಗೆ ಪ್ರತ್ಯೇಕ ಪತ್ರ, ಪ್ರತಿ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗೆ. ಇದು ಮೂರನೇ ಕಾಗದ. ಇದನ್ನು ‘ಏನೂ ಆಗಿಲ್ಲವಲ್ಲ’ ಅಂತ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯ ಒಡ್ಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಒಂದನೇ ಗುಂಪಿಗೆ ಸೇರಿಸಿದೆ. ಇಪ್ಪತ್ತು ವರ್ಷದ ಮೇಲೆ ಯಾವುದಾದರೂ ಕಾಯಿಲೆ ಬಂದಾಗ ‘ಯಾವ ಬೆಂಕಿ, ಯಾವ ದಿನ, ಎಷ್ಟು ಹೊತ್ತು’ ಅಂತ ಕೇಳುತ್ತಾರೆ. ಆಗ ಇರುವುದು ಇಂಥ ಪತ್ರಗಳು ಮಾತ್ರ. ಪ್ರತಿಯೊಬ್ಬ ಅಗ್ನಿಶಾಮಕರೂ ತಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಏನು ಉರಿಯಿತು, ಮಾಸ್ಕ್ ಇಲ್ಲದೆ ಎಷ್ಟು ಹೊತ್ತು ಅಂತ ಬರೆದಿಡಬೇಕು ಅನ್ನೋದು ನನ್ನ ಕಳಕಳಿಯ ಮನವಿ.

ಜಾಲಹಳ್ಳಿ_ಕ್ರಾಸ್:

ಇಷ್ಟೆಲ್ಲ ಯಾಕೆ? ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿ ನೋಟಿಸಿಗೆ ತಡೆ ತರಬಹುದಲ್ಲ. ವಾರಕ್ಕೆ 48 ಗಂಟೆ ಮೀರಿದರೆ ದುಪ್ಪಟ್ಟು ಓವರ್‌ಟೈಮ್ ಕೂಡ ಕಾನೂನಿನಲ್ಲೇ ಇದೆ. ಜೊತೆಗೆ ಶಾಸಕರ ಒಂದು ಪತ್ರ ಇದ್ದರೆ ಇನ್ನೂ ಬೇಗ ಆಗುತ್ತೆ.

ಕೆಜಿ_ರಸ್ತೆ:

ಜಾಲಹಳ್ಳಿಯವರೇ, ಮೂರೂ ತಪ್ಪು. ಓದುವವರು ಯಾರಾದರೂ ಹಾಗೇ ಮಾಡಿಬಿಟ್ಟರೆ ಕಷ್ಟ, ಅದಕ್ಕೇ ಬಿಡಿಸಿ ಹೇಳ್ತೀನಿ.

ಶಾಸಕರ ಪತ್ರ: 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಸೇವಾ ವಿಷಯದಲ್ಲಿ ರಾಜಕೀಯ ಪ್ರಭಾವ ತರುವುದೇ ದುರ್ನಡತೆ. ಇಲ್ಲದ ಎರಡನೇ ಆರೋಪವನ್ನು ಕೈಯಾರೆ ಕೊಟ್ಟ ಹಾಗೆ. ನೋಟಿಸಿನ ಫೋಟೋ ಫೇಸ್‌ಬುಕ್ಕಿಗೆ ಹಾಕುವುದೂ ಅದೇ ಸಾಲಿನದು.

48 ಗಂಟೆ ಮತ್ತು ದುಪ್ಪಟ್ಟು ಓವರ್‌ಟೈಮ್: ಅದು ಕಾರ್ಖಾನೆ ಕಾನೂನಿನ ಮಾತು. ಕಾರ್ಖಾನೆಯೊಳಗಿನ ಫೈರ್ ಸಿಬ್ಬಂದಿಗೆ ಅದು ಸಲ್ಲಬಹುದು, ಸರ್ಕಾರಿ ಅಗ್ನಿಶಾಮಕ ಠಾಣೆಗೆ ಸಲ್ಲುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಔದ್ಯೋಗಿಕ ಸುರಕ್ಷತೆಯ ಸಂಹಿತೆ ರಾಜ್ಯ ಸರ್ಕಾರದ ಕಚೇರಿಗಳನ್ನು ಹೊರಗಿಟ್ಟಿದೆ. ಹೋಸ್‌ರೀಲ್ ಅವರ ಕೊನೆಯ ಪ್ರಶ್ನೆಗೆ ಉತ್ತರವೂ ಇದೇ: ಪಾಳಿ, ವಾರದ ರಜೆ, ಬದಲಿ ರಜೆ ಎಲ್ಲವೂ ಇಲಾಖೆಯ ಸ್ಥಾಯಿ ಆದೇಶ, ಸುತ್ತೋಲೆಗಳ ಮೇಲೆ ನಿಂತಿವೆ. ಬದಲಿ ರಜೆ ಕೇಳುವುದಾದರೆ ಆ ಸುತ್ತೋಲೆಯ ಸಂಖ್ಯೆ, ದಿನಾಂಕ ಹಿಡಿದು ಕೇಳಿ. ಆದರೆ ಈ ನೋಟಿಸಿನ ಉತ್ತರದಲ್ಲಿ ಆ ವಿಷಯ ಎತ್ತಬೇಡಿ, ಗಮನ ಬೇರೆಡೆ ಹೋಗುತ್ತದೆ.

ಕಾರ್ಮಿಕ ನ್ಯಾಯಾಲಯ: ರಾಜ್ಯ ಸರ್ಕಾರಿ ನೌಕರರ ಸೇವಾ ವಿಷಯಕ್ಕೆ ವೇದಿಕೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯಡಿ 1986ರಿಂದ ಇದೆ. ಅಲ್ಲಿಂದ ಮೇಲೆ ಹೈಕೋರ್ಟಿನ ವಿಭಾಗೀಯ ಪೀಠ, 1997ರ ಎಲ್. ಚಂದ್ರಕುಮಾರ್ ತೀರ್ಪಿನ ನಂತರ ಇದೇ ದಾರಿ. ಆದರೆ ಬರೀ ನೋಟಿಸ್ ಹಂತದಲ್ಲಿ ಅಲ್ಲಿಗೂ ಓಡಬೇಡಿ. ನೋಟಿಸ್ ಅಥವಾ ದೋಷಾರೋಪಣಾ ಪಟ್ಟಿಯಿಂದ ಯಾವ ಹಕ್ಕೂ ಇನ್ನೂ ಹೋಗಿರುವುದಿಲ್ಲ, ಆದ್ದರಿಂದ ಸಾಮಾನ್ಯವಾಗಿ ನ್ಯಾಯಾಲಯ ಕೈಹಾಕುವುದಿಲ್ಲ ಅಂತ 2006ರ ಕುನಿಸೆಟ್ಟಿ ಸತ್ಯನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫೀಸು ದಂಡ, ಸಮಯವೂ ದಂಡ.

ಇನ್ನು ಮುಂದಿನ ಹಂತಗಳು. ನೋಟಿಸಿನ ತಲೆಯಲ್ಲಿ ಯಾವ ನಿಯಮ ಬರೆದಿದ್ದಾರೆ ಅಂತ ನೋಡಿ. 1957ರ ಸಿಸಿಎ ನಿಯಮಗಳಲ್ಲಿ (ರಾಜ್ಯ ಸರ್ಕಾರಿ ನೌಕರರ ಶಿಸ್ತು, ಮೇಲ್ಮನವಿಯ ನಿಯಮಗಳು) 12 ಅಂದರೆ ಲಘು ದಂಡನೆಯ ದಾರಿ, 11 ಅಂದರೆ ಕಠಿಣ ದಂಡನೆಯ ಪೂರ್ಣ ವಿಚಾರಣೆ. ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ‘ಒಂದು ವೇತನ ಬಡ್ತಿ ತಡೆಹಿಡಿಯಲಾಗಿದೆ’ ಅನ್ನುವುದು ಲಘು. ಅದೇ ವಾಕ್ಯಕ್ಕೆ ‘ಸಂಚಿತ ಪರಿಣಾಮದೊಂದಿಗೆ’ ಅನ್ನುವ ಎರಡು ಪದ ಸೇರಿದರೆ ಆ ನಷ್ಟ ನಿವೃತ್ತಿಯವರೆಗೂ ಪ್ರತಿ ತಿಂಗಳೂ ಹರಿದುಬರುತ್ತದೆ. ಅದು ಕಠಿಣ ದಂಡನೆಗೆ ಸಮ, ಪೂರ್ಣ ವಿಚಾರಣೆ ಇಲ್ಲದೆ ಹಾಕುವಂತಿಲ್ಲ ಎಂದು ಕುಲವಂತ್ ಸಿಂಗ್ ಗಿಲ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದೇಶ ಬಂದಾಗ ಮೊದಲು ಹುಡುಕಬೇಕಾದ್ದು ಆ ಎರಡು ಪದ.

ಪೂರ್ಣ ವಿಚಾರಣೆ ಅಂದರೆ ದೋಷಾರೋಪಣಾ ಪಟ್ಟಿ, ಆಪಾದನೆಗಳ ವಿವರಣೆ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ, ನಾಲ್ಕೂ ಕೊಡಬೇಕು. ವಿಚಾರಣಾಧಿಕಾರಿ ಮತ್ತು ಇಲಾಖೆಯ ಪರ ವಾದ ಮಂಡಿಸುವ ಮಂಡನಾಧಿಕಾರಿ ಬೇರೆ ಬೇರೆ. ಪಟ್ಟಿಯಲ್ಲಿ ದಾಖಲೆ ಹೆಸರಿಸಿದರೆ ಸಾಲದು, ಅದನ್ನು ಸಾಕ್ಷಿಯ ಬಾಯಲ್ಲಿ ರುಜುವಾತು ಮಾಡಬೇಕು ಎಂದು 2009ರ ರೂಪ್ ಸಿಂಗ್ ನೇಗಿ ತೀರ್ಪು ಹೇಳುತ್ತದೆ. ಹಾಜರಾತಿ ವಹಿ ಬರೆದವರನ್ನು ಪಾಟೀಸವಾಲಿಗೆ ಕರೆಸಿ ಅಂತ ಕೇಳುವ ಹಕ್ಕು ಇದೆ. ನೆರವಿಗೆ ಇನ್ನೊಬ್ಬ ಸರ್ಕಾರಿ ನೌಕರರನ್ನು ಇಟ್ಟುಕೊಳ್ಳಬಹುದು. ವಿಚಾರಣಾ ನಿಯಮ ಬಲ್ಲ ಅನುಭವಿಯೊಬ್ಬರು ಸಿಕ್ಕರೆ ಬಿಡಬೇಡಿ. ವಿಚಾರಣಾ ವರದಿ ವಿರುದ್ಧ ಬಂದರೆ ದಂಡನೆಗೆ ಮುಂಚೆ ಅದರ ಪ್ರತಿ ಕೊಟ್ಟು ಆಕ್ಷೇಪ ಕೇಳಲೇಬೇಕು, 1993ರ ಕರುಣಾಕರ್ ತೀರ್ಪಿನಿಂದ ಇದು ಗಟ್ಟಿ. ವಜಾ, ಸೇವೆಯಿಂದ ತೆಗೆಯುವುದು, ಹುದ್ದೆ ಇಳಿಸುವುದು, ಇವಕ್ಕೆಲ್ಲ ಸಂವಿಧಾನದ 311ನೇ ವಿಧಿಯ ರಕ್ಷಣೆಯೂ ಇದೆ.

ನಿಮ್ಮ ಸ್ನೇಹಿತರ ಕೈಯಲ್ಲಿರುವ ಮುಖ್ಯ ಅಸ್ತ್ರ 2012ರ ಕೃಷ್ಣಕಾಂತ್ ಪರ್ಮಾರ್ ತೀರ್ಪು. ಅನುಮತಿ ಇಲ್ಲದೆ ಗೈರಾಗಿದ್ದು ಸಾಬೀತಾದರೆ ಸಾಲದು, ಆ ಗೈರು ಬೇಕೆಂದೇ ಮಾಡಿದ್ದು ಅನ್ನೋದು ಸಾಬೀತಾಗಬೇಕು. ಕಾಯಿಲೆ, ಅಪಘಾತ, ಆಸ್ಪತ್ರೆವಾಸದಂಥ ಕೈಮೀರಿದ ಕಾರಣ ಇದ್ದರೆ ಅದು ಕರ್ತವ್ಯನಿಷ್ಠೆಯ ಕೊರತೆ ಅಲ್ಲ. ಕಡತ_ಶಾಖೆಯವರು ಬರೆದ ಮಾದರಿಯಲ್ಲಿ ‘ಉದ್ದೇಶಪೂರ್ವಕವಾಗಿರುವುದಿಲ್ಲ’ ಅನ್ನುವ ಸಾಲು ಅದಕ್ಕೇ ಇದೆ, ಅದನ್ನು ಬಿಡಬೇಡಿ.

ವಾಟ್ಸಾಪ್ ಬಗ್ಗೆ: ಸ್ಕ್ರೀನ್‌ಶಾಟಿನಲ್ಲಿ ಹೆಸರು ಮಾತ್ರ ಬಂದರೆ ಪ್ರಯೋಜನ ಕಡಿಮೆ, ಮೊಬೈಲ್ ಸಂಖ್ಯೆ, ದಿನಾಂಕ, ಹೊತ್ತು ಕಾಣಬೇಕು. ಚಾಟ್ ಎಕ್ಸ್‌ಪೋರ್ಟ್ ಮಾಡಿ ತಮ್ಮ ಇಮೇಲಿಗೇ ಕಳುಹಿಸಿಕೊಳ್ಳಲಿ. ಫೋನ್ ಬದಲಿಸುವುದು, ರಿಸೆಟ್ ಮಾಡುವುದು ಸದ್ಯಕ್ಕೆ ಬೇಡ. ಇಲಾಖಾ ವಿಚಾರಣೆಯಲ್ಲಿ ಸಾಕ್ಷ್ಯ ಕಾನೂನು ಬಿಗಿಯಾಗಿ ಅನ್ವಯಿಸುವುದಿಲ್ಲ. ಆದರೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ದಾಖಲೆಗೆ ಕೇಳುವ ಪ್ರಮಾಣಪತ್ರ ಲಗತ್ತಿಸಿದರೆ ಮುಂದೆ ನ್ಯಾಯಮಂಡಳಿಯಲ್ಲಿ ತಕರಾರು ಇರುವುದಿಲ್ಲ.

ಕಾಲಮಿತಿ ನೆನಪಿರಲಿ. ದಂಡನೆಯ ಆದೇಶ ಬಂದರೆ ಮೊದಲು ಇಲಾಖೆಯೊಳಗೆ ಮೇಲ್ಮನವಿ. ಆರು ತಿಂಗಳಾದರೂ ತೀರ್ಮಾನ ಬರದಿದ್ದರೆ ಅಲ್ಲಿಂದ ಒಂದು ವರ್ಷದೊಳಗೆ ನ್ಯಾಯಮಂಡಳಿ. ತೀರ್ಮಾನ ಬಂದಿದ್ದರೆ ಆ ದಿನದಿಂದ ಒಂದು ವರ್ಷ. ಮೇಲ್ಮನವಿ ಹಾಕಿ ನೆನಪೋಲೆಗಳನ್ನು ಬರೆಯುತ್ತಾ ಮೂರು ವರ್ಷ ಕೂರುವವರು ಬಹಳ. ನೆನಪೋಲೆಯಿಂದ ಕಾಲಮಿತಿ ಬೆಳೆಯುವುದಿಲ್ಲ.

ಹೋಸ್‌ರೀಲ್:

ಎಲ್ಲರಿಗೂ ತುಂಬಾ ಧನ್ಯವಾದ. ಈಗ ನೋಟಿಸ್ ತರಿಸಿ ನೋಡಿದೆ. ಅದರಲ್ಲಿ ನಿಯಮದ ಸಂಖ್ಯೆಯೇ ಇಲ್ಲ, ‘ನಿಮ್ಮ ವಿರುದ್ಧ ಏಕೆ ಶಿಸ್ತು ಕ್ರಮ ಜರುಗಿಸಬಾರದು’ ಅಂತ ಮಾತ್ರ ಇದೆ. ವಾಚ್‌ರೂಮ್ ಸರ್, ನೀವು ಹೇಳಿದ ಹಾಗೇ ಆಕ್ಸಿಜನ್ 98 ಅಂತ ಬರೆದಿದ್ದಾರೆ. ರಕ್ತದ ಆ ಪರೀಕ್ಷೆ ಮಾಡಿಸಿಯೇ ಇಲ್ಲ. ಬಿಎ ಟಿಪ್ಪಣಿ ಆ ರಾತ್ರಿ ಯಾರೂ ಬರೆದಿಲ್ಲವಂತೆ. ಸ್ಟೇಷನ್ ಡೈರಿ ಪುಟದ ಪ್ರತಿ ಕೇಳಿದರೆ ಬಾಯಲ್ಲಿ ‘ಆಗಲ್ಲ’ ಅಂದಿದ್ದಾರೆ.

ಕೆಜಿ_ರಸ್ತೆ:

ನಿಯಮದ ಸಂಖ್ಯೆ ಇಲ್ಲ ಅಂದರೆ ಅದು ಪೂರ್ವಭಾವಿ ನೋಟಿಸ್. ಒಳ್ಳೆಯದೇ ಆಯಿತು, ಇನ್ನೂ ಶಿಸ್ತು ನಡವಳಿ ಶುರುವಾಗಿಲ್ಲ, ಸರಿಯಾದ ಉತ್ತರಕ್ಕೆ ಇಲ್ಲೇ ಮುಗಿಯುವ ಅವಕಾಶ ಇದೆ. ಈ ಉತ್ತರವನ್ನು ಆಧಾರ ಮಾಡಿಕೊಂಡು ನೇರವಾಗಿ ದಂಡನೆ ಹಾಕಿದರೆ, ನಿಯಮ 12ರ ಕ್ರಮ ಪಾಲಿಸಿಲ್ಲ ಅನ್ನೋದೇ ಮೇಲ್ಮನವಿಯ ಮೊದಲ ಅಂಶ.

ಡೈರಿ ಪುಟಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಅದನ್ನು ಮೀರಿದರೆ ಆ ಒಂದು ಕಾರಣಕ್ಕೇ ಹಿಂಬರಹ ಕೊಟ್ಟು ವಾಪಸ್ ಕಳಿಸುತ್ತಾರೆ. ‘ದಿನಾಂಕ ಇಂತಿಂಥದರ ರಾತ್ರಿ 11ರಿಂದ ಮರುದಿನ ಬೆಳಿಗ್ಗೆ 10ರವರೆಗಿನ ಸ್ಟೇಷನ್ ಡೈರಿ, ಕರೆ ವಹಿ ಮತ್ತು ವಾಹನ ಲಾಗ್‌ಬುಕ್ ಪುಟಗಳ ದೃಢೀಕೃತ ನಕಲು’ ಅಂತ ಒಂದೇ ವಾಕ್ಯ. ‘ಏಕೆ’, ‘ಯಾರು ಹೊಣೆ’ ಅನ್ನುವ ಪ್ರಶ್ನೆ ಬೇಡ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಸಮಜಾಯಿಷಿಯ ಗಡುವಿಗೆ ಇದು ಸಿಗುವುದಿಲ್ಲ, ಆದ್ದರಿಂದ ಸಮಜಾಯಿಷಿಯಲ್ಲಿ ‘ಸದರಿ ವಹಿಗಳು ಕಚೇರಿಯ ವಶದಲ್ಲಿದ್ದು, ಅವುಗಳನ್ನು ಪರಿಶೀಲಿಸಲು ಕೋರುತ್ತೇನೆ’ ಅಂತ ಬರೆದುಬಿಡಿ. ಆಗ ಅವನ್ನು ನೋಡದೆ ತೀರ್ಮಾನಿಸಿದರೆ ಅದು ಅವರ ಲೋಪ.

ವಾಚ್‌ರೂಮ್:

ರಕ್ತ ಪರೀಕ್ಷೆ ಆಗಿಲ್ಲ ಅನ್ನೋದು ನಾರ್ಮಲ್ ಬಂದದ್ದಕ್ಕಿಂತ ವಾಸಿ. ಚಿಕಿತ್ಸೆ ಕೊಟ್ಟ ವೈದ್ಯರ ಹತ್ತಿರ ‘ಲಕ್ಷಣಗಳು ಹೊಗೆ ಸೇವನೆಗೆ ಹೊಂದುತ್ತವೆ, ಪಲ್ಸ್ ಆಕ್ಸಿಮೀಟರಿನಿಂದ ಕಾರ್ಬನ್ ಮಾನಾಕ್ಸೈಡ್ ಪ್ರಮಾಣ ತಿಳಿಯುವುದಿಲ್ಲ’ ಅಂತ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಲಿ. ಬಿಎ ಟಿಪ್ಪಣಿ ಇಲ್ಲದಿದ್ದರೆ ಸಿಲಿಂಡರ್ ಮರುಭರ್ತಿ ವಹಿ ನೋಡಿ. ಮಾರನೇ ದಿನ ಎಷ್ಟು ಸಿಲಿಂಡರ್ ಕಂಪ್ರೆಸರಿಗೆ ಹೋದವು ಅನ್ನೋದರಲ್ಲಿ ಅರ್ಧ ಕಥೆ ಸಿಗುತ್ತದೆ. ಮಾಹಿತಿ ಹಕ್ಕಿನಲ್ಲಿ ಅದನ್ನು ಬೇರೆ ಅರ್ಜಿಯಾಗಿ ಕೇಳಿ.

ಟ್ಯಾಂಕರ್_ಸಾರಥಿ:

ಅಣ್ಣಂದಿರೇ, ನಾನು ಹೊರಗುತ್ತಿಗೆ ಚಾಲಕ, ಏಜೆನ್ಸಿ ಮೂಲಕ ಇನ್ನೊಂದು ಸರ್ಕಾರಿ ಇಲಾಖೆಯಲ್ಲಿ. ನಮಗೂ ಈ ವಿಚಾರಣೆ, 311 ಎಲ್ಲ ಬರುತ್ತಾ?

ಕಡತ_ಶಾಖೆ:

ಬರುವುದಿಲ್ಲ ತಮ್ಮಾ. ಸಿಸಿಎ ನಿಯಮ, 311ನೇ ವಿಧಿ, ಆಡಳಿತ ನ್ಯಾಯಮಂಡಳಿ ಮೂರೂ ಸರ್ಕಾರಿ ಹುದ್ದೆಯಲ್ಲಿರುವವರಿಗೆ. ನಿಮ್ಮ ಮಾಲೀಕರು ಕಾಗದದ ಮೇಲೆ ಏಜೆನ್ಸಿ. ಆದರೆ ನಿಮಗೆ ಕಾರ್ಮಿಕ ಕಾನೂನು ಪೂರ್ತಿ ಅನ್ವಯಿಸುತ್ತದೆ. ಮೇಲೆ ಹೇಳಿದ ಸುರಕ್ಷತಾ ಸಂಹಿತೆ ಸರ್ಕಾರಿ ಕಚೇರಿಯನ್ನು ಹೊರಗಿಟ್ಟರೂ, ಅಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರನ್ನು ಒಳಗೇ ಇಟ್ಟುಕೊಂಡಿದೆ.

ಸಂಬಳ ತಿಂಗಳಿಗೆ 21,000ದ ಒಳಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರಬೇಕು. ಸಂಬಳ ಚೀಟಿಯಲ್ಲಿ ಕಡಿತ ತೋರಿಸಿ ಕಟ್ಟದೇ ಇರುವುದುಂಟು. ಇಎಸ್‌ಐ ಪೋರ್ಟಲಿನಲ್ಲಿ ನಿಮ್ಮ ವಿಮಾ ಸಂಖ್ಯೆ ಹಾಕಿ ಪ್ರತಿ ತಿಂಗಳ ವಂತಿಗೆ ಜಮೆಯಾಗಿದೆಯಾ ನೋಡಿ. ಕೆಲಸದ ಮೇಲೆ ಗಾಯವಾದರೆ ಗುಣವಾಗುವವರೆಗೆ ಕೂಲಿಯ ನೂರಕ್ಕೆ 90 ಭಾಗ, ಬರೀ ಕಾಯಿಲೆ ಅಂತ ಬರೆದರೆ 70 ಭಾಗ, ಅದೂ ವರ್ಷಕ್ಕೆ 91 ದಿನ ಮಾತ್ರ. ಆದ್ದರಿಂದ ಏಜೆನ್ಸಿಯವರು ಅಪಘಾತ ವರದಿ ಕಳಿಸಿದ್ದಾರಾ ಅಂತ ಅದೇ ದಿನ ಕೇಳಿ ಪ್ರತಿ ಇಟ್ಟುಕೊಳ್ಳಿ. ಗಾಯವನ್ನು ‘ಜ್ವರ’ ಅಂತ ಬರೆಸಿಬಿಟ್ಟರೆ ಆ 20 ಭಾಗ ಕೈತಪ್ಪುತ್ತದೆ.

ಹೋಸ್‌ರೀಲ್, ನಿಮ್ಮ ಸ್ನೇಹಿತರ ಸಂಬಳ ಕಡಿತದ್ದು ಉಳಿದಿತ್ತು. ರಜೆ ಮಂಜೂರಾದ ಆದೇಶದ ಪ್ರತಿಯನ್ನು ಬಟವಾಡೆ ಅಧಿಕಾರಿಗೆ ಪ್ರತ್ಯೇಕ ಪತ್ರದೊಂದಿಗೆ ಕೊಡಬೇಕು. ಆದೇಶವಾಯಿತು ಅಂತ ಎಚ್‌ಆರ್‌ಎಂಎಸ್‌ನಲ್ಲಿ (ಸರ್ಕಾರದ ಸಂಬಳ, ಸೇವಾ ವಿವರದ ಕಂಪ್ಯೂಟರ್ ವ್ಯವಸ್ಥೆ) ತಾನಾಗಿಯೇ ಸರಿಹೋಗುವುದಿಲ್ಲ. ಗೈರು ಅಂತ ನಮೂದಾದ 11 ದಿನವನ್ನು ರಜೆ ಅಂತ ತಿದ್ದಿ, ಬಾಕಿ ವೇತನದ ಬಿಲ್ ಬೇರೆ ಮಾಡಬೇಕು. ಸೇವಾ ಪುಸ್ತಕದಲ್ಲೂ ಆ ಆದೇಶದ ಸಂಖ್ಯೆ ಕೆಂಪು ಶಾಯಿಯಲ್ಲೋ ನೀಲಿಯಲ್ಲೋ, ಒಟ್ಟು ಏರಿದೆಯಾ ಅಂತ ಕಣ್ಣಾರೆ ನೋಡಿ ಬರಲಿ. ಅದು ಏರದಿದ್ದರೆ ಮುಂದಿನ ವೇತನ ಬಡ್ತಿಯ ಹೊತ್ತಿಗೆ ಅದೇ 11 ದಿನ ಮತ್ತೆ ಎದ್ದು ಬರುತ್ತದೆ.

ಹೋಸ್‌ರೀಲ್:

ಮೂರು ಕಾಗದವೂ ಟೈಪ್ ಆಗ್ತಿದೆ. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ನಾಳೆ ಬೆಳಿಗ್ಗೆ ಹೋಗ್ತಾರೆ. ಟಪಾಲಿನ ಮೊಹರು ಬಿದ್ದ ಮೇಲೆ ಇಲ್ಲಿ ತಿಳಿಸ್ತೀನಿ.